ಜುಮ್ಮನಕಾಯಿಯ ನೆಂಟರು

ಹೋದ ತಿಂಗಳು ನಮ್ಮ ಮನೆಯಲ್ಲಿ ಹೊಸದೊಂದು ಲೆಡ್ಜರ್ ಶುರುವಾಯಿತು. ಬ್ಯಾಂಕಿನಿಂದ ನಿವೃತ್ತನಾಗಿ ಹದಿನಾಲ್ಕು ವರ್ಷ ಕಳೆದರೂ ಯಾವುದನ್ನೇ ಆಗಲಿ ಗೆರೆ ಎಳೆದು, ಕಾಲಂ ಹಾಕಿ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಮೊಮ್ಮಗಳು ಪುಟ್ಟಿಯ ಮೊದಲ ಹಲ್ಲು ಬಿದ್ದ ತಾರೀಕು, ಎಲ್ಲಕ್ಕೂ ಒಂದೊಂದು ಪುಟವಿದೆ. ಈ ಹೊಸ ಪುಸ್ತಕದ ರಟ್ಟಿನ ಮೇಲೆ ಮಾತ್ರ ಪುಟ್ಟಿಯೇ ಬಣ್ಣದ ಪೆನ್ನಿನಲ್ಲಿ ಬರೆದಳು: ‘ಚೀನಾ ಊಟದ ಲೆಕ್ಕ’.

ಪುಟ್ಟಿ ಏಳನೇ ತರಗತಿ. ಅವರ ಸಮಾಜ ವಿಜ್ಞಾನದ ಟೀಚರ್ ‘ನೆರೆದೇಶದ ಊಟ’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದರು. ಚೀಟಿ ಎತ್ತಿದಾಗ ಒಬ್ಬರಿಗೆ ಶ್ರೀಲಂಕಾ, ಒಬ್ಬರಿಗೆ ನೇಪಾಳ, ಒಬ್ಬರಿಗೆ ಭೂತಾನ್ ಬಂತು. ಇವಳಿಗೆ ಚೀನಾ. ಟೀಚರ್ ಒಂದು ಷರತ್ತು ಹಾಕಿದ್ದರು: ಇಂಟರ್ನೆಟ್ ನೋಡಿ ಬರೆದರೆ ಮಾರ್ಕ್ಸ್ ಇಲ್ಲ. ಹೋಗಿ ತಿಂದು, ಅಡುಗೆ ಮಾಡಿದವರನ್ನು ಮಾತಾಡಿಸಿ ಬರೆಯಬೇಕು.

“ತಾತ, ನಮ್ಮ ಕಡೆ ನಿಜವಾದ ಚೀನಾ ಊಟ ಎಲ್ಲಿ ಸಿಗುತ್ತೆ?”

ನಾವಿರುವುದು ಬನಶಂಕರಿ ಎರಡನೇ ಹಂತ. ಬೀದಿಗೆ ಎರಡರಂತೆ ‘ಚೈನೀಸ್’ ಬೋರ್ಡುಗಳಿವೆ. ದರ್ಶಿನಿಗಳಲ್ಲೂ ಸಂಜೆ ಆರರ ಮೇಲೆ ಒಂದು ಮೂಲೆಯಲ್ಲಿ ಬಾಣಲೆ ಸದ್ದು ಕೇಳುತ್ತದೆ. ಇದೇನು ಮಹಾ ಕೆಲಸ ಎಂದುಕೊಂಡೆ.

ಅಡುಗೆಮನೆಯಿಂದ ನನ್ನಾಕೆಯ ದನಿ ಬಂತು. “ಚೀನಾ ಊಟ ತಾನೆ? ನಾಳೆ ಚೀನಿಕಾಯಿ ಹುಳಿ ಮಾಡ್ತೀನಿ. ಬರಕೊಂಡು ಹೋಗು.”

ಅವಳ ತವರು ಶಿರಸಿ. ಬೆಂಗಳೂರಿನವರು ಸಿಹಿಗುಂಬಳ ಎನ್ನುವುದಕ್ಕೆ ಅವರ ಕಡೆ ಚೀನಿಕಾಯಿ ಎನ್ನುತ್ತಾರೆ. ಪುಟ್ಟಿ ಬಿಡಲಿಲ್ಲ, ತನ್ನ ಪುಸ್ತಕಗಳಲ್ಲಿ ಹುಡುಕಿದಳು. ಆ ಕಾಯಿಯ ಮೂಲ ಚೀನಾ ಅಲ್ಲ, ಅಮೆರಿಕ ಖಂಡ. ದೂರದಿಂದ ಬಂದ, ಗುರುತಿಲ್ಲದ ಕಾಯಿಗೆ ನಮ್ಮ ಹಿರಿಯರು ‘ಚೀನಿ’ ಎಂದು ಹೆಸರಿಟ್ಟು ಹುಳಿ ಮಾಡಿ ಉಂಡುಬಿಟ್ಟಿದ್ದರು! ‘ಚೀನಿ ಎಂದು ಹೆಸರಿದ್ದದ್ದೆಲ್ಲ ಚೀನಾದ್ದಲ್ಲ’ ಎಂದು ಲೆಡ್ಜರ್‌ನ ಮೊದಲ ಪುಟದಲ್ಲಿ ಬರೆದೆ. ಆ ಸಾಲನ್ನು ನಾನೇ ಸರಿಯಾಗಿ ಓದಿಕೊಂಡಿರಲಿಲ್ಲ ಎಂಬುದು ಮೂರು ವಾರದ ಮೇಲೆ ತಿಳಿಯಿತು.

ಮೊದಲ ಭಾನುವಾರ ಜಯನಗರ ನಾಲ್ಕನೇ ಬ್ಲಾಕಿಗೆ ಹೋದೆವು. ಬಸ್ಸಿನಲ್ಲಿ ಪುಟ್ಟಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ನನಗೆ ಹಿರಿಯ ನಾಗರಿಕರ ರಿಯಾಯಿತಿ. ಕಾಂಪ್ಲೆಕ್ಸ್ ಆಚೆಗಿನ ಒಂದು ರಸ್ತೆಯಲ್ಲಿ ಗೋಬಿ ಮಂಚೂರಿ ಬಂಡಿ. ಹಿಟ್ಟಿನಲ್ಲಿ ಅದ್ದಿ ಕರಿದ ಹೂಕೋಸು, ದೊಡ್ಡ ಉರಿಯ ಮೇಲೆ ಬಾಣಲೆ, ಅದರೊಳಗೆ ಬೆಳ್ಳುಳ್ಳಿ, ಹಸಿಮೆಣಸು, ಸೋಯಾ ಸಾಸ್, ಮೇಲೊಂದು ಹಿಡಿ ಈರುಳ್ಳಿ ಸೊಪ್ಪು. ಪರಿಮಳಕ್ಕೆ ನನಗೂ ಬಾಯಲ್ಲಿ ನೀರೂರಿತು.

ಪುಟ್ಟಿ ಪೆನ್ನು ತೆಗೆದಳು. “ಅಂಕಲ್, ಇದು ಚೀನಾದಲ್ಲಿ ಯಾವ ಊರಿಂದು?”

ಬಂಡಿಯವರು ನಕ್ಕುಬಿಟ್ಟರು. “ಚೀನಾನಾ? ನಾನು ಕಲ್ತಿದ್ದು ಮಾಗಡಿ ಜಾತ್ರೇಲಿ ಕಣಮ್ಮ!”

ಮಕ್ಕಳೇ, ಮಂಚೂರಿಯಾ ಎಂಬ ಪ್ರದೇಶ ಚೀನಾದ ಈಶಾನ್ಯ ಮೂಲೆಯಲ್ಲಿ ನಿಜವಾಗಿಯೂ ಇದೆ. ಅಲ್ಲಿಯ ಜನ ಮಾತ್ರ ನಮ್ಮ ಮಂಚೂರಿಯನ್ನು ಕಂಡವರಲ್ಲ. ಇದರ ಕಥೆ ಶುರುವಾಗುವುದು ಮುಂಬೈಯಲ್ಲಿ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಎಂಬ ಅಡುಗೆಯವರು 1975ರ ಸುಮಾರಿಗೆ ಅಲ್ಲಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಕೆಲಸದಲ್ಲಿದ್ದರು. ಹೊಸದೇನಾದರೂ ಮಾಡಿ ಎಂದು ಯಾರೋ ಕೇಳಿದರಂತೆ. ನಮ್ಮ ಅಡುಗೆಗೆ ಹಾಕುವ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸನ್ನು ಹುರಿದರು. ಗರಂ ಮಸಾಲೆ ಹಾಕುವ ಹೊತ್ತಿಗೆ ಅದನ್ನು ಬಿಟ್ಟು ಸೋಯಾ ಸಾಸ್ ಸುರಿದು, ಮೆಕ್ಕೆಜೋಳದ ಹಿಟ್ಟಿನಿಂದ ಗಟ್ಟಿ ಮಾಡಿದರು. ಅದು ಚಿಕನ್ ಮಂಚೂರಿಯನ್. ಸಸ್ಯಾಹಾರಿಗಳ ಕೈಗೆ ಬಂದಾಗ ಕೋಳಿ ಹೋಗಿ ಕೋಸು ಬಂತು. ಕರ್ನಾಟಕದಲ್ಲಂತೂ ಅದು ಜಾತ್ರೆಯ ತಿಂಡಿಯೇ ಆಗಿಹೋಯಿತು.

ಅಜ್ಜ-ಅಜ್ಜಿಯರಿಗೆ ಒಂದು ಮಾತು. ಬೆಂಕಿಯ ಹಾಗೆ ಕೆಂಪಗಿರುವ ಗೋಬಿಯಿಂದ ಮಕ್ಕಳನ್ನು ದೂರವಿಡಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಬಾಂಬೆ ಮಿಠಾಯಿಗೆ ಗುಲಾಬಿ ಬಣ್ಣ ಬರಲು ಬಳಸುತ್ತಿದ್ದ ರೋಡಮಿನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ. ನಾವು ಹೋದ ಬಂಡಿಯ ಗೋಬಿ ಕಂದು ಬಣ್ಣದ್ದಾಗಿತ್ತು. ಇಬ್ಬರೂ ಅರ್ಧರ್ಧ ಪ್ಲೇಟ್ ತಿಂದೆವು. ‘ರುಚಿ: ಚೆನ್ನಾಗಿದೆ. ಊರು: ಮಾಗಡಿ’ ಎಂದು ಲೆಡ್ಜರ್‌ಗೆ ಹತ್ತಿತು.

ಎರಡನೇ ಭಾನುವಾರ ಜೆ.ಪಿ. ನಗರ. ಹೊರಗೆ ಕೆಂಪು ಲಾಂದ್ರ, ಬಾಗಿಲ ಮೇಲೆ ಡ್ರ್ಯಾಗನ್, ಒಳಗೆ ತಣ್ಣನೆಯ ಎ.ಸಿ. ಇಲ್ಲಿ ಸಿಕ್ಕೇ ಸಿಗುತ್ತದೆ ಎಂದುಕೊಂಡೆವು. ಮೆನು ಬಿಡಿಸಿದರೆ ಭೂಗೋಳದ ಪಾಠ: ಹಕ್ಕಾ ನೂಡಲ್ಸ್, ಶೆಜ್ವಾನ್ ರೈಸ್, ಸಿಂಗಪುರ ನೂಡಲ್ಸ್, ಅಮೆರಿಕನ್ ಚಾಪ್‌ಸೂಯಿ! ಪುಟ್ಟಿ ತಂದಿದ್ದ ನಕಾಶೆಯಲ್ಲಿ ಗುರುತು ಹಾಕುತ್ತ ಹೋದಳು. ಮೂರು ಬಗೆ ತರಿಸಿದೆವು. ತಿಂದು ನೋಡಿದರೆ ಮೂರೂ ಅಣ್ಣತಮ್ಮಂದಿರು. ಒಂದಕ್ಕೆ ಖಾರ ಹೆಚ್ಚು, ಒಂದಕ್ಕೆ ಸಿಹಿ ಹೆಚ್ಚು, ಅಷ್ಟೆ.

ಊಟ ಬರುವ ತನಕ ಅವಳಿಗೆ ನನ್ನ ಕಥೆ ಹೇಳಿದೆ. 1978. ಬ್ಯಾಂಕಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಸಹೋದ್ಯೋಗಿಯೊಬ್ಬರಿಗೆ ಬಡ್ತಿ ಸಿಕ್ಕಿ ನಮ್ಮನ್ನೆಲ್ಲ ದಂಡು ಪ್ರದೇಶದ ಒಂದು ಚೀನೀ ಹೋಟೆಲಿಗೆ ಕರೆದೊಯ್ದರು. ಆಗ ಚೀನೀ ಊಟ ಬೇಕೆಂದರೆ ಬಸವನಗುಡಿ, ಜಯನಗರದವರು ಅಷ್ಟು ದೂರ ಹೋಗಬೇಕಿತ್ತು. ಮೆನುವಿನಲ್ಲಿ ‘ಚೌ ಮೇನ್’ ಎಂದಿತ್ತು. ನಾನು ಧೈರ್ಯವಾಗಿ, “ನನಗೆ ಆ ಚೌ ಚೌ ಇರಲಿ. ಕೇಸರಿಬಾತ್ ಸ್ವಲ್ಪ ಜಾಸ್ತಿ ಹಾಕಿ” ಎಂದೆ. ಆ ತಮಾಷೆ ನಿವೃತ್ತಿಯ ದಿನದ ಭಾಷಣದ ತನಕ ನನ್ನ ಬೆನ್ನು ಬಿಡಲಿಲ್ಲ.

ಹಾಗಾದರೆ ನಿಜವಾದ ಚೀನಾ ಊಟ ಯಾವುದು? ಆ ಪ್ರಶ್ನೆಯೇ ತಪ್ಪು ಎಂದು ನನಗೆ ತಿಳಿದದ್ದು ನಮ್ಮ ಮಹಡಿ ಮನೆಯ ಬಾಡಿಗೆ ಹುಡುಗನಿಂದ. ಅವನು ಕಂಪನಿ ಕೆಲಸದ ಮೇಲೆ ಎರಡು ವರ್ಷ ಚೀನಾದ ಚೆಂಗ್ಡು ನಗರದಲ್ಲಿದ್ದವನು. “ಅಂಕಲ್, ಯಾರಾದ್ರೂ ನಿಮ್ಮನ್ನ ‘ಇಂಡಿಯಾ ಊಟ’ ಎಲ್ಲಿ ಸಿಗುತ್ತೆ ಅಂದ್ರೆ ಏನು ಹೇಳ್ತೀರಿ?” ಎಂದು ಕೇಳಿದ. ನಿಜ. ಇಂಡಿಯಾ ಇರಲಿ, ಕರ್ನಾಟಕದಲ್ಲೇ ಉತ್ತರಕ್ಕೆ ಜೋಳದ ರೊಟ್ಟಿ, ದಕ್ಷಿಣಕ್ಕೆ ರಾಗಿಮುದ್ದೆ, ಕರಾವಳಿಗೆ ಕುಚ್ಚಲಕ್ಕಿ ಗಂಜಿ.

ಚೀನಾದಲ್ಲೂ ಹಾಗೆಯೇ. ಉತ್ತರದ ಒಣ, ಚಳಿ ಪ್ರದೇಶದಲ್ಲಿ ಗೋಧಿ ಬೆಳೆಯುತ್ತದೆ. ಅಲ್ಲಿ ಶಾವಿಗೆಯಂಥ ನೂಡಲ್ಸ್, ಹಬೆಯಲ್ಲಿ ಬೇಯಿಸಿದ ಬನ್ನು, ನಮ್ಮ ಕಡುಬಿನಂತೆ ಹೂರಣ ತುಂಬಿದ ಡಂಪ್ಲಿಂಗ್. ದಕ್ಷಿಣದಲ್ಲಿ ಭತ್ತದ ಗದ್ದೆ, ಅನ್ನ. ಅವರು ಪ್ರಸಿದ್ಧ ಅಡುಗೆ ಪದ್ಧತಿಗಳನ್ನು ಎಂಟು ಎಂದು ಎಣಿಸುತ್ತಾರೆ. ದಕ್ಷಿಣ ಕರಾವಳಿಯ ಗ್ವಾಂಗ್‌ಡಾಂಗ್ ಕಡೆಯದು ಖಾರವಿಲ್ಲದ, ತರಕಾರಿ ಮೀನುಗಳ ಸ್ವಂತ ರುಚಿ ಉಳಿಸುವ ಅಡುಗೆ. ನಾವು ಶೆಜ್ವಾನ್ ಎನ್ನುವ ಸಿಚುವಾನ್ ಮತ್ತು ಹುನಾನ್ ಖಾರಕ್ಕೆ ಹೆಸರುವಾಸಿ. ಆ ಮೆಣಸಿನಕಾಯಿಯೂ ಅವರದಲ್ಲ, ನಮ್ಮದೂ ಅಲ್ಲ. ಇಬ್ಬರಿಗೂ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದದ್ದು, ಚೀನಿಕಾಯಿಯ ಹಾಗೆ.

‘ಹಕ್ಕಾ’ ಎಂಬುದು ಊರಿನ ಹೆಸರೇ ಅಲ್ಲ, ಒಂದು ಜನಸಮುದಾಯದ ಹೆಸರು. ಅದರ ಅರ್ಥ ಅತಿಥಿ ಮನೆತನದವರು. ಬಹಳ ಹಿಂದೆ ಉತ್ತರದಿಂದ ದಕ್ಷಿಣ ಚೀನಾಕ್ಕೆ ವಲಸೆ ಬಂದದ್ದರಿಂದ ಅಲ್ಲಿಯವರು ಹಾಗೆ ಕರೆದರು. ಅವರಲ್ಲಿ ಕೆಲವರು ಕೋಲ್ಕತ್ತಕ್ಕೆ ಬಂದು ಟಾಂಗ್ರಾ ಎಂಬಲ್ಲಿ ಚರ್ಮ ಹದಮಾಡುವ ಕೆಲಸ ಹಿಡಿದರು. ಮನೆಯ ಅಡುಗೆಗೆ ಬಂಗಾಳದ ಹಸಿಮೆಣಸು ಸೇರಿತು. ಮುಂದೆ ಅದೇ ಬಡಾವಣೆಯಲ್ಲಿ ಹೋಟೆಲುಗಳೂ ಎದ್ದವು. ಇವತ್ತು ಬೆಂಗಳೂರಿನ ಮೂಲೆಮೂಲೆಯಲ್ಲಿ ಸಿಗುವ ‘ಚೈನೀಸ್’ ಈ ಕೋಲ್ಕತ್ತ ಅಡುಗೆಯ ಸಂತಾನ. ಅದನ್ನು ಹೀಗಳೆಯಬೇಕಿಲ್ಲ. ಅದು ನಮ್ಮ ದೇಶದ ಒಂದು ಅಡುಗೆ.

ಮೂರನೇ ಭಾನುವಾರ ಆ ಹುಡುಗನೇ ವಿಳಾಸ ಬರೆದುಕೊಟ್ಟ. ಬಿ.ಟಿ.ಎಂ. ಲೇಔಟ್. “ಲಾಂದ್ರ, ಡ್ರ್ಯಾಗನ್ ನೋಡಬೇಡಿ ಅಂಕಲ್. ಅಲ್ಲಿ ಅವೇನೂ ಇಲ್ಲ” ಎಂದ. ಬನಶಂಕರಿಯಿಂದ ಹಸಿರು ಮೆಟ್ರೊದಲ್ಲಿ ಒಂದೇ ನಿಲ್ದಾಣ, ಆರ್.ವಿ. ರಸ್ತೆ. ಅಲ್ಲಿ ಹೋದ ವರ್ಷ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಹತ್ತಿದರೆ ರಾಗಿಗುಡ್ಡ, ಜಯದೇವ ಆಸ್ಪತ್ರೆ, ಆಮೇಲೆ ಬಿ.ಟಿ.ಎಂ. ಈ ಮಾರ್ಗಕ್ಕೆಂದು ಬಂದ ಮೊದಲ ರೈಲು ಚೀನಾದಲ್ಲಿ ತಯಾರಾಗಿ ಹಡಗಿನಲ್ಲಿ ಬಂದದ್ದು. ಅದರ ನಂತರದವು ಕೋಲ್ಕತ್ತದ ಹತ್ತಿರವಿರುವ ಟೀಟಾಗಢ ಕಂಪನಿಯ ಕಾರ್ಖಾನೆಯಿಂದ ಬಂದವು. “ಹಾಗಾದ್ರೆ ರೈಲೂ ಹಕ್ಕಾ ನೂಡಲ್ಸ್ ಥರಾನೇ” ಎಂದಳು ಪುಟ್ಟಿ. ಎದುರಿಗೆ ಕೂತವರೂ ನಕ್ಕರು.

ಮೊದಲ ಮಹಡಿಯಲ್ಲಿ ಆರು ಮೇಜಿನ ಪುಟ್ಟ ಜಾಗ. ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಬಿಟ್ಟರೆ ಅಲಂಕಾರವಿಲ್ಲ. ಮೆನು ಒಂದೇ ಹಾಳೆ, ಮೇಲೆ ‘ಸಿಚುವಾನ್’ ಎಂದು ಬರೆದಿತ್ತು. ನಾವು ಸಸ್ಯಾಹಾರಿಗಳು ಎಂದಾಗ ಹುಡುಗ ಒಳಗೆ ಕೇಳಿಕೊಂಡು ಬಂದು, ಮಾಪೊ ತೋಫುವನ್ನು ಮಾಂಸ ಹಾಕದೆ, ಬೇರೆ ಬಾಣಲೆಯಲ್ಲಿ ಮಾಡಿಕೊಡುತ್ತಾರೆ ಎಂದ.

ಈ ಹೆಸರಿನ ಹಿಂದೆ ಒಬ್ಬ ಅಜ್ಜಿ ಇದ್ದಾಳೆ. ನೂರೈವತ್ತು ವರ್ಷಕ್ಕೂ ಹಿಂದೆ ಚೆಂಗ್ಡು ನಗರದಲ್ಲಿ ಚೆನ್ ಎಂಬ ಮನೆತನದ ಹೆಂಗಸು ದಾರಿಹೋಕರಿಗೆ ಇದನ್ನು ಮಾಡಿ ಬಡಿಸುತ್ತಿದ್ದಳಂತೆ. ಅವಳ ಮುಖದ ಮೇಲೆ ಸಿಡುಬಿನ ಕಲೆ ಇತ್ತು. ‘ಮಾ’ ಎಂದರೆ ಸಿಡುಬಿನ ಕಲೆ, ‘ಪೊ’ ಎಂದರೆ ಮುದುಕಿ. ತೋಫು ಎಂದರೆ ಸೋಯಾ ಕಾಳಿನ ಹಾಲು ಒಡೆದು ಮಾಡಿದ, ಪನೀರಿಗಿಂತ ಮೆತ್ತನೆಯ ಗಡ್ಡೆ. ಅದಕ್ಕೆ ಹುದುಗು ಬರಿಸಿದ ಕಾಳು ಮತ್ತು ಮೆಣಸಿನಕಾಯಿಯ ಕೆಂಪು ಗೊಜ್ಜು. ಕೊನೆಗೆ ಮೇಲೊಂದು ಪುಡಿ.

ಒಂದು ಚಮಚ ಬಾಯಿಗಿಟ್ಟ ಪುಟ್ಟಿ ಕಣ್ಣರಳಿಸಿದಳು. “ತಾತ! ನಾಲಿಗೆಗೆ ಕರೆಂಟ್ ಹೊಡೀತಿದೆ!”

ನನಗೂ ಹಾಗೇ ಆಯಿತು. ಮೊದಲು ಖಾರ, ಹಿಂದೆಯೇ ತುಟಿ ನಾಲಿಗೆಯೆಲ್ಲ ಜುಮ್ ಜುಮ್. ಆ ಪುಡಿ ಸಿಚುವಾನ್ ಮೆಣಸಿನದು. ಹೆಸರು ಮೆಣಸು, ಆದರೆ ನಮ್ಮ ಕರಿಮೆಣಸಿನ ಬಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ಅದು ನಿಂಬೆಯ ಕುಟುಂಬದ ಮುಳ್ಳುಗಿಡ. ಒಳಗಿನ ಕರಿ ಬೀಜ ಎಸೆದು ಸಿಪ್ಪೆಯನ್ನು ಹುರಿದು ಪುಡಿ ಮಾಡುತ್ತಾರೆ. ಆ ಜುಮ್ಮು ರುಚಿಯಲ್ಲ, ಸ್ಪರ್ಶ. 2013ರಲ್ಲಿ ಲಂಡನ್ನಿನ ಸಂಶೋಧಕರು ಅಳೆದಾಗ ತುಟಿ ಸೆಕೆಂಡಿಗೆ ಸುಮಾರು 50 ಸಲ ಅದುರಿದಂತೆ ಅನಿಸುತ್ತದೆ ಎಂದು ತಿಳಿಯಿತು. ನಮ್ಮ ಮನೆಗೆ ಬರುವ ಕರೆಂಟಿನ ಆವರ್ತನವೂ ಸೆಕೆಂಡಿಗೆ 50. ಪುಟ್ಟಿ ಗೊತ್ತಿಲ್ಲದೆಯೇ ಸರಿಯಾಗಿ ಹೇಳಿದ್ದಳು.

ಅಡುಗೆಯವರನ್ನು ಮಾತಾಡಿಸಬೇಕಲ್ಲ? ಕೇಳಿಕೊಂಡೆವು. ಸುಮಾರು ನಲವತ್ತರ ಒಬ್ಬರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರ ಮುಖ ನೋಡಿದೊಡನೆ ನನಗೆ ಸಂತೋಷವಾಯಿತು. ಮೂರು ವಾರದ ಓಡಾಟ ಸಾರ್ಥಕವೆನಿಸಿ, ಕುಳಿತಲ್ಲಿಯೇ ಲೆಡ್ಜರ್‌ನಲ್ಲಿ ‘ಅಡುಗೆಯವರು: ಚೀನಾ’ ಎಂದು ಬರೆದೂಬಿಟ್ಟೆ. ಆಮೇಲೆ ನಿಧಾನವಾಗಿ ಇಂಗ್ಲಿಷಿನಲ್ಲಿ ಕೇಳಿದೆ: ನೀವು ಚೀನಾದಲ್ಲಿ ಯಾವ ಕಡೆಯವರು?

ಅವರು ಕನ್ನಡದಲ್ಲಿ ಹೇಳಿದರು. “ನಾನು ಇಂಡಿಯಾದವನೇ ಸಾರ್. ಮಣಿಪುರ. ಇಂಫಾಲ್.”

ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಕೌಂಟರಿನಲ್ಲಿ ದಿನಕ್ಕೆ ನೂರು ಸಲ ‘ಫಾರಂ ಆ ಕಡೆ ಸಿಗುತ್ತೆ’ ಎಂದು ನಾನು ಹೇಳುತ್ತಿದ್ದೆನಲ್ಲ, ಹಾಗೆ ಹೇಳಿದರು. ಎಷ್ಟೋ ಸಲ ಹೇಳಿ ರೂಢಿಯಾದ ಮಾತು. ಪುಟ್ಟಿ ನನ್ನ ಮುಖ ನೋಡಿದಳು. ಮೊದಲ ಪುಟದ ಸಾಲು ಅವಳಿಗೂ ನೆನಪಿತ್ತು.

ತಪ್ಪಾಯಿತು ಎಂದೆ. “ಪರವಾಗಿಲ್ಲ ಸಾರ್, ನೀವು ಮರ್ಯಾದೆಯಿಂದ ಕೇಳಿದ್ರಿ. ಕೊರೊನಾ ಟೈಮಲ್ಲಿ ರಸ್ತೇಲಿ ಕೊರೊನಾ ಅಂತಲೇ ಕರೀತಿದ್ರು” ಎಂದು ಕುರ್ಚಿ ಎಳೆದು ಕೂತರು. ಅವರು ಬೆಂಗಳೂರಿಗೆ ಬಂದದ್ದು 2010ರಲ್ಲಿ. ದೊಡ್ಡ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಕೆಲಸದಿಂದ ಶುರು. ಅಲ್ಲಿ ಸಿಚುವಾನ್‌ನಿಂದ ಬಂದಿದ್ದ ಮುಖ್ಯ ಅಡುಗೆಯವರ ಕೈಕೆಳಗೆ ಆರು ವರ್ಷ ಇದ್ದು ಕಲಿತರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ. ಮೂಗು ನಾಲಿಗೆಯಲ್ಲೇ ಪಾಠ.

ನಡುವೆ ಒಮ್ಮೆ ಊರು ಬಿಟ್ಟು ಹೋಗಿದ್ದರು. 2012ರ ಆಗಸ್ಟ್ 15ರ ಆಸುಪಾಸು. ದೊಡ್ಡವರಿಗೆ ನೆನಪಿರಬಹುದು. ಈಶಾನ್ಯದವರ ಮೇಲೆ ಹಲ್ಲೆಯಾಗುತ್ತದೆ ಎಂಬ ಗಾಳಿಸುದ್ದಿ ಮೊಬೈಲುಗಳಲ್ಲಿ ಹಬ್ಬಿ, ಸಾವಿರಾರು ಜನ ಗಂಟುಮೂಟೆ ಕಟ್ಟಿ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಒಟ್ಟಿಗೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸದಂತೆ ಸರ್ಕಾರ ಕೆಲವು ದಿನ ತಡೆ ಹಾಕಿತು. ನಾನು ಅವತ್ತು ಪತ್ರಿಕೆಯಲ್ಲಿ ನಿಲ್ದಾಣದ ಚಿತ್ರ ನೋಡಿ ‘ಪಾಪ’ ಎಂದು ಪುಟ ತಿರುಗಿಸಿದ್ದೆ. ಆ ಜನಜಂಗುಳಿಯಲ್ಲಿ ಇವರಿದ್ದರು.

“ಮತ್ತೆ ಯಾಕೆ ಬಂದ್ರಿ ಅಂಕಲ್?” ಪುಟ್ಟಿ ಕೇಳಿದಳು.

“ಬಾಡಿಗೆ ಮನೆ ಓನರ್ ಅಜ್ಜಿ ಫೋನ್ ಮಾಡಿದ್ರು. ‘ನಿನ್ ಪಾತ್ರೆ-ಪಗಡ ಎಲ್ಲ ಎತ್ತಿಟ್ಟಿದೀನಿ, ಬೀಗದ ಕೈ ನನ್ ಹತ್ರ ಇದೆ, ಬಾರೋ’ ಅಂದ್ರು. ನಲವತ್ತು ದಿನ ಆಗಿತ್ತು. ಬಂದೆ. ಕನ್ನಡ ಕಲಿಸಿದ್ದೂ ಅವರೇ.”

ವಾಪಸು ಬರುವಾಗ ರೈಲಿನಲ್ಲಿ ಪುಟ್ಟಿ ಮಾತಾಡಲಿಲ್ಲ. ರಾಗಿಗುಡ್ಡ ದಾಟಿದ ಮೇಲೆ ಕಿಟಕಿ ನೋಡುತ್ತಲೇ ಹೇಳಿದಳು. “ತಾತ, ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗ ಇದಾನೆ. ಈ ವರ್ಷ ಸೇರಿದ್ದು. ಎಲ್ರೂ ಅವನನ್ನ ಮೋಮೊ ಅಂತಾರೆ.” ಸ್ವಲ್ಪ ಹೊತ್ತು ಬಿಟ್ಟು, “ನಾನೂ ಅಂತೀನಿ” ಎಂದಳು.

ನಾನು ಬುದ್ಧಿ ಹೇಳಲಿಲ್ಲ. ಅರ್ಧ ಗಂಟೆ ಹಿಂದೆ ನಾನು ಮಾಡಿದ್ದನ್ನು ಅವಳು ನೋಡಿದ್ದಳು. ಅವಳಿಗೆ 1962ರ ಸಂಗತಿ ಹೇಳಿದೆ. ಚೀನಾ ಜೊತೆ ಯುದ್ಧವಾದಾಗ ನಾನು ಶಾಲೆಯ ಹುಡುಗ. ರಕ್ಷಣಾ ನಿಧಿಗೆ ಕಾಸು ಕೂಡಿಸಿ ಕೊಟ್ಟದ್ದು ನೆನಪಿದೆ. ಆ ಕಾಲದಲ್ಲಿಯೇ ಭಾರತದಲ್ಲಿ ನೆಲೆಸಿದ್ದ ಸುಮಾರು 3000 ಚೀನೀ ಮೂಲದವರನ್ನು ಮನೆಯಿಂದ ಎಬ್ಬಿಸಿ ರಾಜಸ್ಥಾನದ ದೇವಳಿ ಎಂಬಲ್ಲಿಯ ಶಿಬಿರದಲ್ಲಿ ಇಟ್ಟರು. ಮಕ್ಕಳು, ಮುದುಕರು, ಇಲ್ಲಿಯೇ ಹುಟ್ಟಿದವರು ಎಲ್ಲ ಅದರಲ್ಲಿದ್ದರು. ಕೆಲವರು ವರ್ಷಗಟ್ಟಲೆ ಅಲ್ಲಿದ್ದರು. ಇದು ನನಗೆ ತಿಳಿದದ್ದು ಬಹಳ ತಡವಾಗಿ. “ಅವರೂ ಇಂಡಿಯಾದವರೇನಾ ತಾತ?” ಎಂದಳು. ಹೌದಮ್ಮ ಎಂದೆ.

ಬ್ಯಾಂಕಿನಲ್ಲಿ ತಪ್ಪು ನಮೂದನ್ನು ರಬ್ಬರಿನಿಂದ ಅಳಿಸುವ ಹಾಗಿಲ್ಲ. ಕೆಂಪು ಶಾಯಿಯಲ್ಲಿ ಒಂದು ಗೆರೆ ಹೊಡೆದು, ಮೇಲೆ ಸರಿಯಾದ್ದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಮುಂದೆ ನೋಡುವವರಿಗೆ ತಪ್ಪೂ ಕಾಣಬೇಕು, ತಿದ್ದಿದವರು ಯಾರೆಂದೂ ಕಾಣಬೇಕು. ಆ ರಾತ್ರಿ ‘ಚೀನಾ’ ಎಂಬುದರ ಮೇಲೆ ಕೆಂಪು ಗೆರೆ ಎಳೆದು ‘ಇಂಫಾಲ್’ ಎಂದು ಬರೆದು ಸಹಿ ಹಾಕಿದೆ. ಪುಟ್ಟಿಯೂ ತನ್ನದೊಂದು ಸಹಿ ಹಾಕಿದಳು.

ನನ್ನಾಕೆಗೆ ಎಲ್ಲವನ್ನೂ ಹೇಳುತ್ತಿದ್ದೆ. ನಾಲಿಗೆ ಜುಮ್ಮೆಂದ ಮಾತು ಬಂದೊಡನೆ ಅವಳು ಎದ್ದು ಹೋಗಿ ಡಬ್ಬಿಯೊಂದನ್ನು ತಂದಳು. ತವರಿನಿಂದ ತಂದಿಟ್ಟ ಒಣ ಕಾಯಿಗಳು, ಬಾಯಿ ಬಿರಿದ ಪುಟ್ಟ ಮೊಗ್ಗಿನಂಥವು. “ಒಂದು ಸಿಪ್ಪೆ ಬಾಯಿಗೆ ಹಾಕ್ಕೊಳ್ಳಿ” ಎಂದಳು. ಅದೇ ಜುಮ್ಮು!

ಅದು ಜುಮ್ಮನಕಾಯಿ. ಹೆಸರೇ ಎಲ್ಲ ಹೇಳುತ್ತದೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಮೈತುಂಬ ಮುಳ್ಳಿರುವ ಮರದಲ್ಲಿ ಬಿಡುತ್ತದೆ. ಅವಳ ತವರಿನಲ್ಲಿ ಅದರ ಸಿಪ್ಪೆಯ ತಂಬುಳಿ ಮಾಡುತ್ತಾರೆ. ಕೊಂಕಣಿಗರು ತೆಪ್ಪಲ್ ಎಂದು ಕರೆದು ಹುಳಿಗೆ, ಮೀನಿನ ಸಾರಿಗೆ ಹಾಕುತ್ತಾರೆ. ಸಿಚುವಾನ್ ಮೆಣಸಿಗೂ ಇದಕ್ಕೂ ಒಂದೇ ಕುಲ. ಅವರ ಭಾಷೆಯಲ್ಲಿ ಜುಮ್ಮೆನ್ನುವುದಕ್ಕೆ ‘ಮಾ’ ಎನ್ನುತ್ತಾರೆ. ಸಿಡುಬಿನ ಕಲೆಯ ‘ಮಾ’ಗೂ ಇದಕ್ಕೂ ಬರೆಯುವ ಅಕ್ಷರ ಒಂದೇ. ಚೀನಾದ ಕಾಯಿಯನ್ನು ಹುಡುಕಿಕೊಂಡು ನಾವು ಮೂರು ವಾರ ಅಲೆದಿದ್ದೆವು. ಅದರ ನೆಂಟ ನಮ್ಮ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಕೂತಿದ್ದ.

ನಾಲ್ಕನೇ ಭಾನುವಾರ ಮೂವರೂ ಹೋದೆವು. ನನ್ನಾಕೆ ಹೊರಗಿನ ಊಟಕ್ಕೆ ಬರುವವಳೇ ಅಲ್ಲ, ಅದರಲ್ಲೂ ಈರುಳ್ಳಿ ಬೆಳ್ಳುಳ್ಳಿ ತಿನ್ನದವಳು. ಡಬ್ಬಿ ಕೊಡುವ ನೆಪದಲ್ಲಿ ಬಂದಳು. ಅಡುಗೆಯವರು ಮುಚ್ಚಳ ತೆಗೆದು ಮೂಸಿದವರೇ ಜೋರಾಗಿ ನಕ್ಕರು. “ಅಜ್ಜಿ, ಇದು ನಮ್ಮೂರಲ್ಲೂ ಇದೆ! ಮುಕ್ಥ್ರುಬಿ! ನಮ್ಮಮ್ಮ ಹಾಕ್ತಾರೆ.” ನೇಪಾಳದಲ್ಲಿ ಟಿಮುರ್ ಎನ್ನುತ್ತಾರೆ ಎಂದು ಒಳಗಿನಿಂದ ಬಂದ ಇನ್ನೊಬ್ಬ ಹುಡುಗ ಸೇರಿಸಿದ. ಪುಟ್ಟಿ ನಕಾಶೆ ಬಿಡಿಸಿ ಶಿರಸಿ, ಇಂಫಾಲ್, ನೇಪಾಳ, ಚೆಂಗ್ಡು ನಾಲ್ಕಕ್ಕೂ ಚುಕ್ಕಿ ಇಟ್ಟಳು. ಒಂದೇ ಗಿಡ ಅಲ್ಲ, ಆದರೆ ದಾಯಾದಿಗಳು.

ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಏನಾದರೂ ಆಗುತ್ತದೆಯೇ ಎಂದು ನಾನು ಹೆದರುತ್ತಲೇ ಕೇಳಿದೆ. “ಅಜ್ಜಿಗೆ ಮಠದ ಊಟ ಮಾಡಿಕೊಡ್ತೀನಿ” ಎಂದರು. ಚೀನಾದ ಬೌದ್ಧ ಮಠಗಳಲ್ಲಿ ಸನ್ಯಾಸಿಗಳು ಮಾಂಸದ ಜೊತೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟವರು. ಅಣಬೆ, ತೋಫು, ಶುಂಠಿ, ಕೋಸು, ಎಳ್ಳೆಣ್ಣೆ, ಮೇಲೆ ಚೂರು ಜುಮ್ಮನಕಾಯಿ ಪುಡಿ. ನನ್ನಾಕೆ ತಟ್ಟೆ ಖಾಲಿ ಮಾಡಿ, “ಉಪ್ಪು ಒಂದು ಕಲ್ಲು ಹೆಚ್ಚಾಯ್ತು” ಎಂದಳು. ಅವಳನ್ನು ಬಲ್ಲವರಿಗೆ ಗೊತ್ತು, ಅದು ದೊಡ್ಡ ಬಹುಮಾನ.

ನಿಮ್ಮ ಬಡಾವಣೆಯಲ್ಲಿ ಹುಡುಕುವವರಿಗೆ ನಮ್ಮ ಲೆಡ್ಜರ್‌ನಿಂದ ಕೆಲವು ಸಾಲು. ಮೆನು ಚಿಕ್ಕದಿದ್ದು, ಯಾವ ಪ್ರಾಂತದ ಅಡುಗೆ ಎಂದು ಹೇಳಿದ್ದರೆ ಒಳ್ಳೆಯ ಲಕ್ಷಣ. ನೂರು ಬಗೆ ಇದ್ದರೆ ಸಾಸು ಒಂದೇ ಇರುತ್ತದೆ. ಸಿಚುವಾನ್ ಎಂದು ಹೇಳಿ ನಾಲಿಗೆ ಬರೀ ಉರಿದು ಜುಮ್ಮೆನ್ನದಿದ್ದರೆ ಅದು ನಮ್ಮ ಊರಿನ ಶೆಜ್ವಾನ್. ಸಸ್ಯಾಹಾರಿಗಳು ಸಾಸಿನಲ್ಲಿ ಮೀನು, ಸಿಗಡಿ ಇದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಅಂಥ ಜಾಗ ಸಿಗದಿದ್ದರೆ ಬೇಸರವೇನಿಲ್ಲ. ಕಂದು ಬಣ್ಣದ ಗೋಬಿ ತಿಂದು, ಇದು ಮಾಗಡಿಯದು ಎಂದು ತಿಳಿದಿದ್ದರೆ ಸಾಕು.

ಪುಟ್ಟಿಯ ಪ್ರಾಜೆಕ್ಟಿಗೆ ಇಪ್ಪತ್ತಕ್ಕೆ ಹದಿನೇಳು ಬಂತು. ಚೀನಾ ಕಡಿಮೆಯಾಯಿತು, ಬೆಂಗಳೂರು ಹೆಚ್ಚಾಯಿತು ಎಂದು ಮೂರು ಕಳೆದರಂತೆ. ತರಗತಿಯ ಆ ಹುಡುಗನ ಬಳಿ ಹೋಗಿ ಅವನ ನಿಜವಾದ ಹೆಸರನ್ನು ಸರಿಯಾಗಿ ಹೇಳಿಕೊಡು ಎಂದು ಕೇಳಿದಳು. ಎರಡು ದಿನ ಅವನು ಉತ್ತರ ಕೊಡಲಿಲ್ಲ. ಮೂರನೆಯ ದಿನ ಹೇಳಿಕೊಟ್ಟ. ಇವಳ ಉಚ್ಚಾರ ಇನ್ನೂ ಸರಿಬಂದಿಲ್ಲ, ದಿನವೂ ತಿದ್ದುತ್ತಾನಂತೆ. ತರಗತಿಯಲ್ಲಿ ಕೆಲವರು ಇನ್ನೂ ಹಳೆಯ ಹೆಸರಿನಿಂದಲೇ ಕೂಗುತ್ತಾರೆ. ಇವಳು ಕೂಗುವುದಿಲ್ಲ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಅಡುಗೆಮನೆಯ ಡಬ್ಬಿಗಳಲ್ಲಿ ಬೇರೆ ಊರಿನ ಹೆಸರು ಹೊತ್ತ ಪದಾರ್ಥ ಯಾವುದಿದೆ ಎಂದು ಅಜ್ಜಿಯನ್ನು ಕೇಳಿ. ಆಮೇಲೆ ನಿಮ್ಮ ಬೀದಿಯ ಹೋಟೆಲಿನಲ್ಲಿ ಅಡುಗೆ ಮಾಡುವವರ ಊರು ಯಾವುದೆಂದು ತಾತನ ಜೊತೆ ಹೋಗಿ ಕೇಳಿ. ಊಹಿಸಬೇಡಿ, ಕೇಳಿ. ತಿಳಿದದ್ದನ್ನು ಒಂದು ಹಾಳೆಯಲ್ಲಿ ಬರೆದು ಈ ಪುಟಕ್ಕೆ ಕಳಿಸಿ.

ನಮ್ಮ ಮನೆಯಲ್ಲಿ ಮುಂದಿನ ವಾರ ಚೀನಿಕಾಯಿ ಹುಳಿ. ಇಂಫಾಲ್‌ನವರನ್ನೂ ಊಟಕ್ಕೆ ಕರೆದಿದ್ದೇವೆ. ಅವರಿಗೆ ಭಾನುವಾರ ಬಿಡುವಿಲ್ಲ, ಸೋಮವಾರ ಬರುತ್ತಾರಂತೆ.